ಬಲಗಡೆಯಿಂದ ಬಂದ ಬೆಳಕು

ಹಾಸನ
೯ ಜೂನ್ ೨೦೦೩

ಪ್ರಿಯ ಮೇಘಶ್ರೀ,

ಕಾಲೇಜು ಬಿಟ್ಟ ಮೇಲೆ ನಾನಾಗಿ ಯಾರಿಗೂ ಪತ್ರ ಬರೆದವಳಲ್ಲ. ನಿನಗೇಕೆ ಬರೆಯುತ್ತಿದ್ದೇನೆಂದು ನೀನು ಆಶ್ಚರ್ಯಪಡುವ ಮೊದಲೇ ಕಾರಣ ಹೇಳಿಬಿಡುತ್ತೇನೆ. ನಿನ್ನೆ ಅಂಗಡಿಯಲ್ಲಿ ಅವಲಕ್ಕಿ ಕೊಳ್ಳುತ್ತಿದ್ದಾಗ ಕೊಬ್ಬರಿ ಎಣ್ಣೆಯ ಡಬ್ಬಿಯೊಂದು ಕಣ್ಣಿಗೆ ಬಿತ್ತು. ಮೇಲೆ ಒಡೆದ ತೆಂಗಿನಕಾಯಿಯ ಚಿತ್ರ. ಅಂಗಡಿಯವನು ತಾನೇ ಬೆಳೆದ ಕಾಯಿಯೇನೋ ಎಂಬಂತೆ ಬೀಗಿದ: "ಫೋಟೋ ನೋಡೇ ತಗೊಂಡೋಗ್ತಾರೆ ಮೇಡಂ. ಚನ್ನರಾಯಪಟ್ಟಣದ ದಿಲೀಪ್ ಸ್ಟುಡಿಯೋ ಇಲ್ವಾ, ಅವರ ಮನೆಯವರು ತೆಗ್ದಿದ್ದು." ದಿಲೀಪ್ ಎಂದೊಡನೆ ನಿನ್ನ ಮದುವೆಯ ಆಮಂತ್ರಣ ನೆನಪಾಯಿತು.

ಅಭಿನಂದನೆ. ಮೂರು ವರ್ಷ ಗೃಹವಿಜ್ಞಾನವನ್ನು ಒಂದೇ ಬೆಂಚಿನಲ್ಲಿ ಕುಳಿತು ಓದಿದವರಾದ್ದರಿಂದ ತಪ್ಪುಗಳನ್ನು ಹೇಳುವ ಹಕ್ಕೂ ನನಗಿದೆ ಎಂದುಕೊಂಡಿದ್ದೇನೆ. ಹೋಳಿನ ಅಂಚು ಚೌಕಟ್ಟಿಗೆ ತಾಗಿ ಕತ್ತರಿಸಿಹೋಗಿದೆ. ಹಿಂದಿನ ಬಟ್ಟೆ ಇಸ್ತ್ರಿ ಕಂಡಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಬೆಳಕು ಬಲಗಡೆಯಿಂದ ಬಂದಿದೆ. ನಾವು ಓದುವುದು ಎಡದಿಂದ ಬಲಕ್ಕೆ. ಕಣ್ಣು ಚಿತ್ರದೊಳಕ್ಕೆ ಕಾಲಿಡುವುದೂ ಎಡದಿಂದಲೇ. ಆದ್ದರಿಂದ ಬೆಳಕು ಎಡದಿಂದ ಬರಬೇಕು. ಕಲಾತತ್ತ್ವಗಳ ತರಗತಿಯಲ್ಲಿ ಮೇಡಂ ಇದನ್ನು ಕೇಳಿದ ದಿನ ನೀನು ಕಿಟಕಿಯಾಚೆ ನೋಡುತ್ತಿದ್ದೆ. ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಉತ್ತರ ಹೇಳಿದವಳು ನಾನು.

ಇನ್ನು ಮುಖ್ಯ ವಿಷಯ. ಇಲ್ಲಿ ಸೌಭಾಗ್ಯ ಗೃಹೋತ್ಪನ್ನ ಸಂಘ ಎಂಬುದೊಂದಿದೆ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮಾಡುವ ಹೆಂಗಸರ ಸಂಘ. ಬರುವ ವರ್ಷಕ್ಕೆ ಅವರು ಗೋಡೆಯ ಕ್ಯಾಲೆಂಡರ್ ಹೊರಡಿಸುತ್ತಾರೆ. ಮೇಲೆ ಒಂದೇ ಒಂದು ದೊಡ್ಡ ಚಿತ್ರ, ಕೆಳಗೆ ತಿಂಗಳ ಹಾಳೆಗಳು. ಮನೆಯೂಟದ ಆ ಚಿತ್ರ ಜಿಲ್ಲೆಯ ಅಂಗಡಿ, ಶಾಲೆ, ಮನೆಗಳಲ್ಲಿ ವರ್ಷವಿಡೀ ತೂಗಾಡುತ್ತದೆ. ಅಧ್ಯಕ್ಷೆ ನೀಲಾಂಬಿಕೆಯವರು ನನ್ನ ಜೊತೆ ಮಾತನಾಡಿದ್ದಾರೆ. ಆ ಮಾತುಕತೆಯ ವಿವರಗಳು ಇಲ್ಲಿ ಅಗತ್ಯವಿಲ್ಲ. ಚಿತ್ರದ ಹೊಣೆ ನನ್ನದೆಂದೇ ತಿಳಿ.

ನನ್ನ ಬಳಿ ಇರುವುದು ಪ್ರವಾಸಕ್ಕೆ ಒದಗುವ ಸಣ್ಣ ಕ್ಯಾಮೆರಾ. ನಿನ್ನ ಯಜಮಾನರ ಸ್ಟುಡಿಯೋದಲ್ಲಿ ಒಳ್ಳೆಯದಿರಬೇಕು. ನೀನು ತೆಗೆದು ಕಳುಹಿಸು. ಜೋಡಿಸುವ ಕ್ರಮವನ್ನು ನಾನು ಹೇಳುತ್ತೇನೆ, ತಿದ್ದುವುದನ್ನು ಇಲ್ಲಿನ ಕಂಪ್ಯೂಟರ್ ಕೇಂದ್ರದಲ್ಲಿ ನಾನೇ ಮಾಡಿಸುತ್ತೇನೆ. ನಿನಗೂ ಕಲಿತಂತಾಗುತ್ತದೆ.

ಇತಿ,
ಶ್ರೀಗೌರಿ ವರದರಾಜ, ಎಂ.ಎಸ್ಸಿ.


ಚನ್ನರಾಯಪಟ್ಟಣ
೧೮ ಜೂನ್ ೨೦೦೩

ಪ್ರೀತಿಯ ಗೌರಿ,

ನಿನ್ನ ಕೈಬರಹ ನೋಡಿ ಲಕೋಟೆ ಒಡೆಯದೆ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ಕುಳಿತಿದ್ದೆ. ಹಾಸ್ಟೆಲಿನಲ್ಲಿ ನನ್ನ ರೆಕಾರ್ಡ್ ಪುಸ್ತಕವನ್ನು ನೀನು ಕೈಗೆತ್ತಿಕೊಂಡಾಗಲೂ ಹೀಗೇ ಕಾದು ಕೂರುತ್ತಿದ್ದೆ. 'ಪರವಾಗಿಲ್ಲ' ಎಂದು ಒಂದು ಮಾತು ನಿನ್ನ ಬಾಯಿಂದ ಬಂದರೆ ಆ ದಿನ ನನಗೆ ಹಬ್ಬ.

ನೀನು ಹೇಳಿದ ತಪ್ಪುಗಳೆಲ್ಲ ನಿಜ. ಬಟ್ಟೆಗೆ ಇಸ್ತ್ರಿ ಹಾಕಲಿಲ್ಲ, ಆ ದಿನ ಕರೆಂಟ್ ಇರಲಿಲ್ಲ. ಬೆಳಕಿನ ವಿಷಯ ಮಾತ್ರ ನಾನೇನು ಮಾಡಲಿ ಹೇಳು, ಸ್ಟುಡಿಯೋದ ಹಿಂದಿನ ಕೋಣೆಗೆ ಇರುವುದೇ ಒಂದು ಕಿಟಕಿ! ಅದಕ್ಕೆ ಮಾವನವರ ಹಳೆಯ ಪಂಚೆಯೊಂದನ್ನು ಇಳಿಬಿಟ್ಟಿದ್ದೇನೆ, ಬಿಸಿಲು ಸೋಸಿ ಬರುತ್ತದೆ. ಎದುರುಗಡೆ ಗಣೇಶನ ಮಂಟಪಕ್ಕೆ ತಂದಿದ್ದ ಥರ್ಮೋಕೋಲ್ ನಿಲ್ಲಿಸುತ್ತೇನೆ, ನೆರಳು ತಿಳಿಯಾಗುತ್ತದೆ. ಫ್ಲ್ಯಾಷ್ ಹಾಕುವುದೇ ಇಲ್ಲ. ಹಾಕಿದರೆ ತರಕಾರಿಯೆಲ್ಲ ಪೊಲೀಸರ ಮುಂದೆ ನಿಂತ ಹಾಗೆ ಕಾಣುತ್ತದೆ. ತೆಂಗಿನ ಹೋಳು ಬೇಗ ಒಣಗಿ ಮಂಕಾಗುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸುತ್ತಾ ತೆಗೆಯಬೇಕು.

ಮೊನ್ನೆ ಎದುರುಮನೆಯ ಮಂಚಯ್ಯನವರು ನಮ್ಮ ಅತ್ತೆ ಚಿಕ್ಕಲಕ್ಷ್ಮಮ್ಮನವರನ್ನು ಕೆಣಕಿದರು: "ಏನಕ್ಕಾ, ನಿಮ್ ಸೊಸೆ ಬದ್ನೆಕಾಯ್ಗೂ ಪೌಡ್ರು ಹಾಕಿ ಫೋಟೋ ಇಡಿತಾಳಂತೆ?" ಅತ್ತೆ ಬಿಡುತ್ತಾರೆಯೇ? "ಪೌಡ್ರಲ್ಲ ಕಣಣ್ಣ, ಎಳ್ಳೆಣ್ಣೆ. ನಿನ್ ಮಗಳ ಮದ್ವೆ ಆಲ್ಬಮ್‌ಗಿಂತ ನಮ್ ಬದ್ನೆಕಾಯೇ ಲಕ್ಷಣವಾಗ್ ಬಂದೈತೆ, ಓಗಿ ನೋಡು." ಆಮೇಲೆ ಒಳಗೆ ಬಂದು ನನಗೆ ಹೇಳಿದರು, "ಅಲ್ಲಾ ಮಗ, ಫೋಟೋ ಆದ್ಮೇಲೆ ಅದ್ನ ಎಣ್ಗಾಯಿ ಮಾಡ್ಬೋದು ತಾನೆ?"

ಒಂದು ಕೇಳಲೇ? ಹಾಸ್ಟೆಲಿನಲ್ಲಿ ನೀನು ಹೊಳೆನರಸೀಪುರದ ನಿಮ್ಮ ಅಜ್ಜಿಯ ಹಿತ್ತಾಳೆ ಪಾತ್ರೆಗಳನ್ನು ಹೇಳುತ್ತಿದ್ದೆಯಲ್ಲ, ಆ ಬಾಯಗಲದ ಸಾರಿನ ಪಾತ್ರೆ, ತುಪ್ಪದ ಮಿಳ್ಳೆ. ಆ ಮಿಳ್ಳೆಯ ಮೂತಿ ಗುಬ್ಬಿಯ ಕೊಕ್ಕಿನಷ್ಟೇ ಇದೆ ಎಂದು ನೀನು ಬೆರಳಲ್ಲಿ ತೋರಿಸಿದ್ದು ಇವತ್ತಿಗೂ ಕಣ್ಣಿನಲ್ಲಿದೆ. ಕ್ಯಾಲೆಂಡರಿಗೆ ಅಲ್ಲೇ ಹೋಗಿ ತೆಗೆಯಬಹುದೇ?

ನಿನ್ನ,
ಮೇಘ


ಹಾಸನ
೨ ಜುಲೈ ೨೦೦೩

ಪ್ರಿಯ ಮೇಘಶ್ರೀ,

ಹೋಗು, ನನ್ನ ಅಭ್ಯಂತರವಿಲ್ಲ. ಅಜ್ಜಿ ಶ್ರೀರಂಗಮ್ಮ ಚಿಕ್ಕಪ್ಪನ ಸಂಸಾರದ ಜೊತೆ ಅಲ್ಲೇ ಇದ್ದಾಳೆ. ಆದರೆ ಮೊದಲೇ ತಿಳಿಸಿಬಿಡುವುದು ಒಳ್ಳೆಯದು: ಅವಳು ಕ್ಯಾಮೆರಾ ಕಂಡರೆ ಆಗದವಳು. ಕಳೆದ ಯುಗಾದಿಯಲ್ಲಿ ನಾನೇ ಹೋಗಿ ಬೆಳಗಿನಿಂದ ಪ್ರಯತ್ನಿಸಿದೆ. ಮಧ್ಯಾಹ್ನ ಕಳೆಯುವಷ್ಟರಲ್ಲಿ ಪಾತ್ರೆಗಳನ್ನೆಲ್ಲ ಎತ್ತಿ ಒಳಗಿಟ್ಟುಬಿಟ್ಟಳು. ಸ್ವಂತ ಮೊಮ್ಮಗಳಿಗೇ ಹಾಗಾದ ಮೇಲೆ ನಿನಗೆ ಬಾಗಿಲಿನಲ್ಲೇ ಇಲ್ಲವೆಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಒಂದು ವೇಳೆ ಒಪ್ಪಿದಳೆಂದರೆ ಕೆಲವು ಸೂಚನೆಗಳು. ಪಾತ್ರೆಗಳನ್ನು ಹುಣಸೆಹಣ್ಣಿನಲ್ಲಿ ಉಜ್ಜಿಸು, ಕಲೆ ಕಾಣಕೂಡದು. ವಸ್ತುಗಳು ಬೆಸ ಸಂಖ್ಯೆಯಲ್ಲಿರಲಿ. ಎತ್ತರದ್ದು ಹಿಂದೆ, ಗಿಡ್ಡದ್ದು ಮುಂದೆ. ಎಲೆಯೂಟ ತೆಗೆಯುವುದಾದರೆ ಇನ್ನೂ ಎಚ್ಚರ ಬೇಕು. ಬಾಳೆಯೆಲೆಯ ತುದಿ ಉಣ್ಣುವವರ ಎಡಕ್ಕೆ ಬರಬೇಕು, ಅಗಲವಾದ ಬುಡ ಬಲಕ್ಕೆ. ಉಪ್ಪು ಎಡಗಡೆಯ ಮೇಲ್ಮೂಲೆಯಲ್ಲಿ. ಎಲೆ ತಿರುಗಿತೆಂದರೆ ಅದು ಶುಭದ ಊಟವಲ್ಲ. ನಿಮ್ಮ ಕಡೆ ಇದನ್ನು ಅಷ್ಟಾಗಿ ಗಮನಿಸುತ್ತಾರೋ ಇಲ್ಲವೋ ತಿಳಿಯದು, ಆದ್ದರಿಂದ ನಕ್ಷೆ ಬರೆದು ಇಟ್ಟಿದ್ದೇನೆ. ಜೊತೆಗಿಟ್ಟುಕೊಂಡು ಹೋಗು.

ಸಾಧ್ಯವಾದರೆ ಬೆಳಕು ಎಡದಿಂದ ಬರಲಿ.

ಶ್ರೀಗೌರಿ


ಚನ್ನರಾಯಪಟ್ಟಣ
೨೭ ಜುಲೈ ೨೦೦೩

ಪ್ರೀತಿಯ ಗೌರಿ,

ಅಜ್ಜಿ ಬಾಗಿಲಿನಲ್ಲಿ ಇಲ್ಲವೆನ್ನಲಿಲ್ಲ! ನಾನು ಹೆಸರು ಹೇಳಿ ಚಪ್ಪಲಿ ಬಿಡುವಷ್ಟರಲ್ಲೇ, "ನಿಮ್ಮೂರು ಮಲ್ಲಿಪಟ್ಟಣದಿಂದ ಹುರಿಗಡಲೆ ಉಂಡೆ ತರ್ತಿದ್ದೋಳು ನೀನೇನಾ? ಗೌರಿ ಒಂದಾದ್ರೂ ಮನೆ ತನಕ ತಂದ್ಳು ಅಂತೀಯಾ? ಎಲ್ಲಾ ಬಸ್ಸಲ್ಲೇ ತಿಂದು, ಖಾಲಿ ಡಬ್ಬೀಲಿ ಘಮ ತಂದು ಕೊಡ್ತಿದ್ಳು" ಎಂದರು. ನನ್ನ ಉಂಡೆಯನ್ನು ನೀನು ಅಷ್ಟು ಇಷ್ಟಪಡುತ್ತಿದ್ದೆ ಎಂದು ನನಗೆ ಗೊತ್ತೇ ಇರಲಿಲ್ಲ ಗೌರಿ.

ಕ್ಯಾಮೆರಾ ತೆಗೆದಾಗ ಮಾತ್ರ ಹುಬ್ಬು ಗಂಟಿಕ್ಕಿದರು. "ಆ ಡಬ್ಬೀಲಿ ನನ್ನ ಮುಖ ಬೀಳಕೂಡದು ನೋಡು."

"ಕೈ ಬಿದ್ರೆ ಅಜ್ಜಿ?"

"ಕೈ ಕೆಲ್ಸ ಮಾಡ್ತಿರುತ್ತೆ. ಅದಕ್ಕೆ ಬೀಳಕ್ಕೂ ಪುರುಸೊತ್ತಿರಲ್ಲ, ನಾಚಿಕೊಳ್ಳಕ್ಕೂ ಪುರುಸೊತ್ತಿರಲ್ಲ. ಬಿದ್ರೆ ಬೀಳ್ಲಿ."

ನೀನು ಹೇಳಿದ್ದೆಯಲ್ಲ ಎಂದು ಪಾತ್ರೆ ಉಜ್ಜಲು ಹುಣಸೆಹಣ್ಣು ಕೇಳಿದೆ. "ಬೆಳಿಗ್ಗೆ ತೊಳೆದದ್ದಿದೆ, ಸಾಕು. ಹಬ್ಬಕ್ಕೆ ಉಜ್ಜೋದು, ಫೋಟೋಗಲ್ಲ" ಎಂದರು. ಸಾರಿನ ಪಾತ್ರೆಯ ಬುಡಕ್ಕೆ ಮಸಿ ಹಾಗೇ ಇತ್ತು. ನಾನು ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಅವರೇ ಎಲ್ಲವನ್ನೂ ನಡುಮನೆಗೆ ತಂದರು. ಮೇಲೆ ತೆರೆದ ತೊಟ್ಟಿಯಂಗಳದ ಕಡೆಯಿಂದ ಹಾಲಿನಂಥ ಬೆಳಕು. ಏನು ಮಾಡಲಿ, ಅದೂ ಬಲಗಡೆಯಿಂದಲೇ.

ನಿನ್ನ ನಕ್ಷೆಯಂತೆ ಎಲೆ ಹಾಕಿ, ಪಲ್ಯ ಕೋಸಂಬರಿಗಳನ್ನು ಚಮಚದ ತುದಿಯಿಂದ ಗುಂಡಗೆ ಮಾಡುತ್ತಿದ್ದೆ. ಅಜ್ಜಿ ಸ್ವಲ್ಪ ಹೊತ್ತು ನೋಡಿ ಹೇಳಿದರು, "ಎಲೆ ಮುಂದೆ ಕೂತು ಆಟ ಆಡ್ಬಾರ್ದು. ಊಟ ಮಾಡೋದಾದ್ರೆ ಬಡಿಸ್ತೀನಿ. ಇಲ್ಲಾಂದ್ರೆ ಏಳು." ನಾನು ಊಟಕ್ಕೇ ಕುಳಿತೆ. ಕ್ಯಾಮೆರಾವನ್ನು ಮಡಿಲಲ್ಲಿಟ್ಟುಕೊಂಡು, ಅವರು ಬಡಿಸುತ್ತಾ ಹೋದ ಹಾಗೆ ಕಣ್ಣಿಗೆ ಹಿಡಿದು ಒಂದೊಂದು ತೆಗೆದೆ. ಬಿಸಿ ಅನ್ನದ ಮೇಲೆ ತೊವ್ವೆ ಬಿದ್ದು, ಮಿಳ್ಳೆಯಿಂದ ತುಪ್ಪದ ಎಳೆ ಇಳಿಯುತ್ತಿರುವಾಗ ಒಂದು. ಅವರ ಕೈ, ಆ ಎರಡು ಬಳೆ, ಅಷ್ಟೇ. ಗುಂಡಿ ಒತ್ತಿದಾಗಲೇ ಇದೇ ಚಿತ್ರ ಎಂದು ತಿಳಿಯಿತು. ಆಮೇಲೆ ಕ್ಯಾಮೆರಾ ಪಕ್ಕಕ್ಕಿಟ್ಟು ಪೂರ್ತಿ ಉಂಡೆ. ಮಜ್ಜಿಗೆ ಎರಡು ಸಲ.

ಹೇಳಬೇಕೋ ಬೇಡವೋ ಗೊತ್ತಿಲ್ಲ. ಅಜ್ಜಿ ಎಲೆ ಎತ್ತುವಾಗ ಅಂದರು, "ಗೌರಿಗೂ ಇದೇ ಹೇಳ್ದೆ. ಸಾರು ತಣ್ಣಗಾಗೋ ತನಕ ಬಟ್ಲು ಜರುಗಿಸ್ತಾ ಕೂತ್ಳು. ಊಟ ಮಾಡ್ದೇ ಬಸ್ಸು ಹತ್ತಿದ್ಳು. ಯುಗಾದಿ ದಿವ್ಸ." ಕೋಪದಲ್ಲಿ ಹೇಳಿದ್ದಲ್ಲ. ಒಮ್ಮೆ ಹೋಗಿ ಬಾ ಗೌರಿ.

ಪ್ರಿಂಟ್ ಮತ್ತು ನೆಗೆಟಿವ್ ಕಳಿಸಿದ್ದೇನೆ. ನಿನ್ನ ಮಾತಿಗೆ ಕಾಯುತ್ತಿರುತ್ತೇನೆ.

ಮೇಘ


ಹಾಸನ
೧೯ ಆಗಸ್ಟ್ ೨೦೦೩

ಪ್ರಿಯ ಮೇಘಶ್ರೀ,

ಲಕೋಟೆ ತಲುಪಿತು. ತಡವಾಗಿ ಉತ್ತರಿಸುತ್ತಿದ್ದೇನೆ, ಕೆಲಸವಿತ್ತು.

ಚಿತ್ರ ಪರವಾಗಿಲ್ಲ. ಆದರೆ ತಿದ್ದದೆ ಬಿಡುವಂಥದ್ದಲ್ಲ. ಕಂಪ್ಯೂಟರ್ ಕೇಂದ್ರದಲ್ಲಿ ಸ್ಕ್ಯಾನ್ ಮಾಡಿಸಿ, ಪರದೆಯ ಮೇಲೆ ಹಿಗ್ಗಿಸಿಕೊಂಡು, ಒಂದೊಂದು ಅಂಗುಲವನ್ನೂ ಬಿಡದೆ ಕುಳಿತು ಸರಿಪಡಿಸಿದೆ. ಪಾತ್ರೆಯ ಮಸಿಯನ್ನು ಅಳಿಸಿದೆ. ಎಲೆಯ ಅಂಚಿನ ಸೀಳನ್ನು ಹೊಲಿದೆ. ತೊವ್ವೆಯ ಹಳದಿಯನ್ನು ಒಂದಿಷ್ಟು ಏರಿಸಿದೆ. ವಸ್ತುಚಿತ್ರದಲ್ಲಿ ಮನುಷ್ಯರ ಕೈಗೆ ಸ್ಥಾನವಿಲ್ಲವೆಂಬುದು ನಿನಗೆ ತಿಳಿದಿರಬೇಕಿತ್ತು. ತೆಗೆದುಹಾಕಲು ನೋಡಿದೆ, ಜೊತೆಗೆ ತುಪ್ಪದ ಎಳೆಯೂ ಹೋಗುತ್ತಿತ್ತು, ಬಿಟ್ಟೆ. ಅಂದಹಾಗೆ ಆ ಎಳೆ ಬಹಳ ದಪ್ಪವಾಗಿದೆ. ಹಬ್ಬದ ದಿನವೂ ಆ ಮಿಳ್ಳೆಯಿಂದ ನಮಗಾರಿಗೂ ಅಷ್ಟು ತುಪ್ಪ ಬಿದ್ದದ್ದನ್ನು ನಾನು ಕಂಡಿಲ್ಲ.

ಬೆಳಕು ಮತ್ತೆ ಬಲಗಡೆಯಿಂದಲೇ ಬಂದಿತ್ತು. ಎಷ್ಟು ಹೇಳಿದರೂ ನೀನು ಕಲಿಯದ್ದನ್ನು ಕಂಪ್ಯೂಟರ್ ಒಂದು ಕ್ಷಣದಲ್ಲಿ ಮಾಡಿತು. ಕನ್ನಡಿಯಲ್ಲಿ ಕಂಡಂತೆ ಇಡೀ ಚಿತ್ರವನ್ನು ಎಡಬಲ ಹೊರಳಿಸಿದೆ. ಈಗ ಬೆಳಕು ಶಾಸ್ತ್ರೋಕ್ತವಾಗಿ ಎಡದಿಂದ ಬರುತ್ತದೆ. ಅಲ್ಲಿ ಕೆಲಸ ಮಾಡುವ ಕೇದಾರ್ ಎಂಬವನು ತಲೆ ಕೆರೆದುಕೊಂಡು, "ಮೇಡಂ, ಯಾಕೋ ಮುಂಚಿಂದೇ ಚೆನ್ನಾಗಿತ್ತು ಅನ್ಸತ್ತೆ. ನೋಡಿದ್ರೆ ಕೂತ್ಕೊಂಡು ಉಣ್ಬೇಕು ಅನ್ನಿಸ್ತಿತ್ತು" ಎಂದ. ಅನ್ನಿಸುವುದು ಬೇರೆ, ತಿಳಿದಿರುವುದು ಬೇರೆ ಎಂದು ಅವನಿಗೆ ಹೇಳಬೇಕಾಯಿತು.

ಇಬ್ಬರ ಹೆಸರನ್ನೂ ಬರೆದು ನೀಲಾಂಬಿಕೆಯವರಿಗೆ ಒಪ್ಪಿಸಿದ್ದೇನೆ. ಮೊದಲು ನನ್ನದು, ಅನಂತರ ನಿನ್ನದು.

ಯುಗಾದಿಯ ವಿಷಯ ಬರೆದಿದ್ದೆ. ಅಂದು ನನಗೆ ಬಸ್ಸಿಗೆ ಹೊತ್ತಾಗಿತ್ತು. ಅದರಲ್ಲಿ ಹೇಳುವಂಥದ್ದೇನೂ ಇಲ್ಲ.

ಶ್ರೀಗೌರಿ ವರದರಾಜ


(ಕಾರ್ಡು)
ಚನ್ನರಾಯಪಟ್ಟಣ
೬ ಸೆಪ್ಟೆಂಬರ್ ೨೦೦೩

ಗೌರಿ, ನಿನ್ನ ಬಾಯಿಂದ 'ಪರವಾಗಿಲ್ಲ' ಬಂತಲ್ಲ, ಪತ್ರವನ್ನು ಕನ್ನಡಿಯ ಹಿಂದೆ ಇಟ್ಟಿದ್ದೇನೆ. ಹೊರಳಿಸಿದ್ದು ಎಂದರೆ ಹೇಗೆ ಕಾಣುತ್ತದೋ ನನಗೆ ಹೊಳೆಯುತ್ತಿಲ್ಲ. ಅಚ್ಚಿಗೆ ಹೋಗುವ ಮೊದಲು ಒಂದು ಪ್ರತಿ ಕಳಿಸುತ್ತೀಯಾ? ಕಣ್ಣಾರೆ ನೋಡುವ ಆಸೆ. - ಮೇಘ


(ಕಾರ್ಡು)
ಚನ್ನರಾಯಪಟ್ಟಣ
೧೪ ಅಕ್ಟೋಬರ್ ೨೦೦೩

ಗೌರಿ, ಉತ್ತರ ಬರಲಿಲ್ಲ. ನೀನು ಪಾಠ ಮಾಡುವ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸವೋ, ಮೈ ಚೆನ್ನಾಗಿಲ್ಲವೋ? ಹಾಸ್ಟೆಲಿನಲ್ಲಿ ಈ ತಿಂಗಳು ಬಂದರೆ ನಿನಗೆ ತಲೆನೋವು ಬರುತ್ತಿತ್ತು. ಬೆಚ್ಚಗೆ ಇರು. ಮೊನ್ನೆ ನೀಲಾಂಬಿಕೆ ಮೇಡಂ ಸ್ಟುಡಿಯೋಗೆ ಫೋನ್ ಮಾಡಿದ್ದರು. ನೀನೇ ನಂಬರ್ ಕೊಟ್ಟಿರಬೇಕು, ಉಪಕಾರವಾಯಿತು. - ಮೇಘ


ಹಾಸನ
೨೯ ಡಿಸೆಂಬರ್ ೨೦೦೩

ಶ್ರೀಮತಿ ಮೇಘಶ್ರೀ ದಿಲೀಪ್ ಅವರಿಗೆ,

ಈ ಸಂಬೋಧನೆ ಅಪರಿಚಿತವೆನಿಸಬಾರದು. ಕ್ಯಾಲೆಂಡರಿನಲ್ಲಿ ಹೀಗೆಯೇ ಅಚ್ಚಾಗಿದೆ. 'ಛಾಯಾಚಿತ್ರ: ಶ್ರೀಮತಿ ಮೇಘಶ್ರೀ ದಿಲೀಪ್, ಚನ್ನರಾಯಪಟ್ಟಣ.' ಅದರ ಕೊನೆಗೆ ಪೂರ್ಣವಿರಾಮ. ಪೂರ್ಣವಿರಾಮದ ಆಚೆ ಏನೂ ಇಲ್ಲ. ಸಂಘದ ವರ್ಷಾಂತ್ಯದ ಸಭೆಯಲ್ಲಿ ಎಲ್ಲರಿಗೂ ಒಂದೊಂದು ಸುರುಳಿ ಹಂಚಿದರು. ನಾನು ಬಿಚ್ಚಿ ಕೆಳಗಿನ ಸಾಲನ್ನು ಓದಿದೆ. ಬದಿಯ ಅಂಚನ್ನು ನೋಡಿದೆ, ಹಿಂಬದಿಯನ್ನೂ ತಿರುವಿ ನೋಡಿದೆ. ಚಿತ್ರದ ಕಡೆ ಕಣ್ಣು ಹಾಯಿಸುವ ಮನಸ್ಸೂ ಉಳಿಯಲಿಲ್ಲ. ಮನೆಗೆ ತಂದು ಬೀರುವಿನ ಮೇಲೆ ಎಸೆದಿದ್ದೇನೆ.

ನೀಲಾಂಬಿಕೆಯವರ ಜೊತೆ ನಿನಗೆ ಫೋನಿನಲ್ಲಿ ಏನು ಮಾತುಕತೆ ನಡೆಯಿತೆಂದು ನಾನು ಕೇಳುವುದಿಲ್ಲ. ನಿನ್ನ ಕಾರ್ಡು ಬಂದ ದಿನವೇ ಊಹಿಸಿದ್ದೆ. ನಾನು ಯಾರಿಗೂ ನಂಬರ್ ಕೊಟ್ಟಿರಲಿಲ್ಲ.

ಒಂದನ್ನು ಮಾತ್ರ ಯೋಚಿಸಿ ನೋಡು. ಮನೆ ನಮ್ಮದು. ಎಲೆಯ ಕ್ರಮ ಹೇಳಿಕೊಟ್ಟವಳು ನಾನು. ಆ ಮಿಳ್ಳೆಯ ಕಥೆಯನ್ನು ಹಾಸ್ಟೆಲಿನಲ್ಲಿ ಹೇಳಿದವಳು ನಾನು. ಚಿತ್ರವನ್ನು ಚಿತ್ರವಾಗಿಸಿದವಳು ನಾನು. ಬಡಿಸಿದ ಕೈ ನನ್ನ ಅಜ್ಜಿಯದು. ನೀನು ಮಾಡಿದ್ದೇನು? ಊಟಕ್ಕೆ ಕುಳಿತೆ.

ಕಾಲೇಜಿನಲ್ಲಿ ಪ್ರತಿ ವರ್ಷವೂ ಮೊದಲ ಬಹುಮಾನಕ್ಕೆ ನನ್ನ ಹೆಸರನ್ನು ಕರೆಯುತ್ತಿದ್ದಾಗ ಹಿಂದಿನಿಂದ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದವಳು ನೀನು. ಆ ಸದ್ದನ್ನು ನಾನು ಸ್ನೇಹವೆಂದು ತಿಳಿದಿದ್ದೆ.

ಇನ್ನು ಪತ್ರ ಬರೆಯಬೇಡ.

ಶ್ರೀಗೌರಿ ವರದರಾಜ, ಎಂ.ಎಸ್ಸಿ.


ಚನ್ನರಾಯಪಟ್ಟಣ
೧೧ ಜನವರಿ ೨೦೦೪

ಗೌರಿ,

ಬೇಡವೆಂದರೂ ಬರೆಯುತ್ತಿದ್ದೇನೆ, ಇದು ನನಗಾಗಿ ಅಲ್ಲ. ಪೂರ್ತಿ ಓದು.

ಮೊದಲು ಫೋನಿನ ವಿಷಯ ಮುಗಿಸುತ್ತೇನೆ. ನೀಲಾಂಬಿಕೆ ಮೇಡಂಗೆ ನಂಬರ್ ಆ ಕೊಬ್ಬರಿ ಎಣ್ಣೆ ಡಬ್ಬಿಯ ಗಾಣದವರಿಂದ ಸಿಕ್ಕಿತಂತೆ. "ಫೋಟೋ ಒತ್ತಿದ್ದು ಯಾರು?" ಎಂದು ಕೇಳಿದರು. ನಾನು ಒತ್ತಿದೆ, ಗೌರಿ ತಿದ್ದಿದಳು, ಇಬ್ಬರದೂ ಹಾಕಿ ಎಂದೆ. ಅವರು ನಕ್ಕು, "ಆ ಹುಡುಗಿ ಮೇ ತಿಂಗಳಲ್ಲೇ ಒಂದಷ್ಟು ತಂದುಕೊಟ್ಟಿದ್ಳು ಕಣಮ್ಮ. ಎಲ್ಲಾ ಅಚ್ಚುಕಟ್ಟು. ಆದ್ರೆ ನೋಡಿದ್ರೆ ಹಸಿವಾಗ್ಬೇಕಲ್ಲ?" ಎಂದರು. ನೀನು ಮೊದಲೇ ಚಿತ್ರ ಕೊಟ್ಟಿದ್ದು, ಅವು ವಾಪಸ್ಸು ಬಂದಿದ್ದು, ಆಗಲೇ ನನಗೆ ತಿಳಿದದ್ದು. ನಿನಗೆ ನೋವಾಗುತ್ತದೆಂದು ಕಾರ್ಡಿನಲ್ಲಿ ಬರೆಯಲಿಲ್ಲ.

ಈಗ ನಿಜವಾದ ವಿಷಯ. ನೀನು ಇನ್ನೂ ಚಿತ್ರವನ್ನು ನೋಡಿಲ್ಲ ಎಂದು ಬರೆದಿದ್ದೀಯ. ದಯವಿಟ್ಟು ಬೀರುವಿನ ಮೇಲಿಂದ ತೆಗೆದು ನೋಡು.

ನಮ್ಮ ಮನೆಗೆ ಬಂದ ದಿನ ನಾನು ಕೂಡ ಮೊದಲು ಹೆಸರನ್ನೇ ನೋಡಿದೆ, ಸುಳ್ಳು ಹೇಳುವುದಿಲ್ಲ. ಅತ್ತೆಗೆ ಓದಲು ಬಾರದು. ಅವರು ಚಿತ್ರವನ್ನು ನೋಡಿದರು. "ಅಯ್, ಇದ್ಯಾಕ್ ಮಗ ಇಂಗಾಗೈತೆ? ಎಲೆ ತಿರುಗ್‌ಮುರುಗು. ಆವಮ್ಮ ನೋಡು, ಎಡಗೈಲಿ ತುಪ್ಪ ಬುಡ್ತಾವ್ಳೆ! ನಮ್ ತವ್ರು ಬಾಗೂರಲ್ಲಿ ಇಂಗ್ ಬಡ್ಸುದ್ರೆ ಬೀಗ್ರು ಎದ್ದೋಗ್ಬುಡ್ತರೆ." ಹೊರಳಿಸಿದ್ದು ಎಂದರೆ ಏನೆಂದು ನನಗೆ ಆಗ ಹೊಳೆಯಿತು. ಬೆಳಕಿನ ಜೊತೆ ಎಲೆಯೂ ಹೊರಳಿತು, ಉಪ್ಪೂ ಹೊರಳಿತು, ಅಜ್ಜಿಯ ಬಲಗೈ ಎಡಗೈ ಆಯಿತು.

ಹಾಸನದಲ್ಲಿ ಅಂಗಡಿಯವರು ಒಬ್ಬೊಬ್ಬರಾಗಿ ಇಳಿಸಿ ವಾಪಸ್ಸು ಕೊಡುತ್ತಿದ್ದಾರಂತೆ. ನೀಲಾಂಬಿಕೆ ಮೇಡಂ ಮತ್ತೆ ಫೋನ್ ಮಾಡಿದರು. "ಹೊಸ ವರ್ಷಕ್ಕೆ ಗೋಡೆ ಮೇಲೆ ತಿಥಿ ಎಲೆ ಹಾಕ್ಸಿಬಿಟ್ರಲ್ಲಮ್ಮ, ನಮ್ಮ ಕಣ್ಣಿಗೂ ಮಂಕು ಬಡಿದಿತ್ತು" ಎಂದು ಅತ್ತುಬಿಟ್ಟರು. ಸ್ಟುಡಿಯೋದಲ್ಲಿ ನೆಗೆಟಿವ್ ತಿರುಗಿಸಿ ಹಾಕಿದ್ದರಿಂದ ಹೀಗಾಯಿತು, ತಪ್ಪು ನನ್ನದು ಎಂದೆ. ಹೆಸರು ನನ್ನದಿದ್ದ ಮೇಲೆ ಬೈಗುಳವೂ ನನ್ನದೇ ಅಲ್ಲವೇ. ನಿನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ, ಅವರ ಸಂಘದಲ್ಲಿ ನಿಮ್ಮ ಕಾಲೇಜಿನವರೂ ಇದ್ದಾರೆ. ಉಪ್ಪಿನಕಾಯಿ ಬಾಟಲಿಗಳ ಚಿತ್ರ ನನಗೇ ಕೊಡುವುದೆಂದಿದ್ದರು, ಇನ್ನು ಬೇರೆಯವರಿಗಂತೆ. ಇರಲಿ. ಊರಲ್ಲಿ ಬದನೆಕಾಯಿ ಮುಗಿದಿಲ್ಲ.

ನನ್ನ ನಿದ್ದೆ ಕೆಡಿಸಿರುವುದು ಅಜ್ಜಿಯ ಚಿಂತೆ. ಮುಖ ಬೇಡವೆಂದರು, ಕೈಯನ್ನು ನಂಬಿ ಕೊಟ್ಟರು. ಆ ಬಳೆ, ಆ ಮಿಳ್ಳೆಯನ್ನು ಅವರ ಬೀದಿಯಲ್ಲಿ ಗುರುತಿಸದವರು ಯಾರು? ಯಾರಾದರೂ ಕೊಂಡುಹೋಗಿ ತೋರಿಸುವ ಮೊದಲು ನೀನು ಹೋಗು. ನಾನು ಹೋದರೆ ಸರಿಯಾಗದು. ಅಂದು ನನಗೆಂದು ಉಳಿಸಿಕೊಂಡಿದ್ದ, ಹೊರಳಿಸದ ಪ್ರಿಂಟ್ ಒಂದನ್ನು ಇದರೊಳಗಿಟ್ಟಿದ್ದೇನೆ, ಅಜ್ಜಿಗೆ ಕೊಡು.

ಚಪ್ಪಾಳೆ ಸ್ನೇಹದ್ದೇ ಆಗಿತ್ತು ಗೌರಿ.

ಮೇಘ


ಹೊಳೆನರಸೀಪುರ
೧೮ ಜನವರಿ ೨೦೦೪

ಮೇಘ,

ಬೀರುವಿನ ಮೇಲಿಂದ ಸುರುಳಿಯನ್ನು ಇಳಿಸಿ ನೋಡಿದೆ. ನೋಡಲು ಬಹಳ ಹೊತ್ತು ಬೇಕಾಗಲಿಲ್ಲ. ನಕ್ಷೆ ಬರೆದು ನಿನಗೆ ಕ್ರಮ ಕಲಿಸಿದ ಕೈಯೇ ಇದನ್ನು ಮಾಡಿದೆ. ಪರದೆಯ ಮೇಲೆ ನಾನು ಮಸಿಯನ್ನು ಕಂಡಿದ್ದೆ, ಸೀಳನ್ನು ಕಂಡಿದ್ದೆ, ತುಪ್ಪದ ದಪ್ಪವನ್ನು ಕಂಡಿದ್ದೆ. ಎಲೆಯನ್ನು ಎಲೆಯಾಗಿ ಒಮ್ಮೆಯೂ ಕಂಡಿರಲಿಲ್ಲ.

ನೇರವಾಗಿ ಹೊಳೆನರಸೀಪುರದ ಬಸ್ಸು ಹತ್ತಲಿಲ್ಲ. ಮೊದಲು ಸಂಘದ ಕಚೇರಿಗೆ ಹೋದೆ. ಅದನ್ನು ಕೊನೆಗೆ ಬರೆಯುತ್ತೇನೆ.

ನಾನು ಬರುವಷ್ಟರಲ್ಲಿ ತಡವಾಗಿತ್ತು. ಹಾಲಿನ ಬೆಟ್ಟಮ್ಮ ಸಂಕ್ರಾಂತಿಯ ದಿನವೇ ಎಲ್ಲಿಂದಲೋ ಒಂದನ್ನು ತಂದು, "ಅಮ್ಮೋರೆ, ಇದು ನಿಮ್ ಕೈಯೇ ಕಣ್ರವ್ವ, ಆದ್ರೆ ಯಾಕಿಂಗ್ ಎಡವಟ್ಟಾಗೈತೆ?" ಎಂದು ಕೇಳಿದ್ದಾಳೆ. ಅಜ್ಜಿ ಅದನ್ನು ಹರಿದಿರಬಹುದು, ಒಲೆಗೆ ಹಾಕಿರಬಹುದು ಎಂದುಕೊಂಡು ಒಳಗೆ ಕಾಲಿಟ್ಟೆ. ನಡುಮನೆಯ ಗೋಡೆಯ ಮೇಲೆ ತೂಗುಹಾಕಿದ್ದಳು. ಸರಿಯಾಗಿ ತಾತನ ನಿಲುವುಗನ್ನಡಿಯ ಎದುರಿಗೆ. ನಾನು ಬಾಯಿ ತೆರೆಯುವ ಮೊದಲೇ ನನ್ನ ಭುಜ ಹಿಡಿದು ಕನ್ನಡಿಯ ಕಡೆ ತಿರುಗಿಸಿದಳು. "ಇಲ್ಲಿ ನೋಡು. ಇದ್ರಲ್ಲಿ ಸರಿಯಾಗಿದೆ."

ಕನ್ನಡಿಯೊಳಗೆ ಎಲೆಯ ತುದಿ ಎಡಕ್ಕಿತ್ತು. ಕೈ ಬಲಗೈಯಾಗಿತ್ತು. ಪಕ್ಕದಲ್ಲಿ ನನ್ನ ಮುಖವೂ ಇತ್ತು.

"ಮೇಘಳಿಂದ ಆದ ತಪ್ಪಲ್ಲ ಅಜ್ಜಿ" ಎಂದೆ.

"ಅದು ನಂಗೊತ್ತು. ಆ ಹುಡುಗಿ ಎಲೆ ಮುಂದೆ ಕೂತು ಉಂಡೋಳು. ಉಂಡೋರು ಹೀಗೆ ಮಾಡಲ್ಲ. ಉಣ್ಣದೇ ಎದ್ದು ಹೋದೋರು ಯಾರೋ ಮಾಡಿದಾರೆ."

ಅಷ್ಟು ಹೇಳಿ ಒಳಗೆ ಹೋದಳು. ನೀನು ಕಳಿಸಿದ ಪ್ರಿಂಟನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದೆ. ಒಳಗಿನಿಂದ ಎಲೆ ತೊಳೆಯುವ ಸದ್ದು ಕೇಳಿತು. ನೀನು ಕುಳಿತ ಜಾಗದಲ್ಲೇ ಹಾಕಿದಳು. ತೊಟ್ಟಿಯ ಬೆಳಕು ಬಲಗಡೆಯಿಂದ ಬಂದು ಅನ್ನದ ಮೇಲೆ ಬೀಳುತ್ತಿತ್ತು. ಅದು ಬರಬೇಕಾದದ್ದು ಅಲ್ಲಿಂದಲೇ ಎಂಬುದಕ್ಕೆ ಪುಸ್ತಕದ ಆಧಾರವನ್ನು ನಾನು ಇನ್ನೂ ಹುಡುಕಬೇಕಾಗಿದೆ. ಅಜ್ಜಿ ಮಿಳ್ಳೆ ಬಗ್ಗಿಸಿದಾಗ, ನಿನಗೆ ಬಿದ್ದಷ್ಟೇ ದಪ್ಪಗೆ ಬಿತ್ತೋ ಇಲ್ಲವೋ ಎಂದು ಕಣ್ಣಿಟ್ಟು ನೋಡುತ್ತಿದ್ದೆ. ಅವಳಿಗೆ ಗೊತ್ತಾಯಿತು. "ಅಳೆದದ್ದು ಸಾಕು, ಕಲಸೇ" ಎಂದಳು. ಉಂಡೆ. ಮಜ್ಜಿಗೆಯನ್ನು ಮೂರು ಸಲ ಹಾಕಿಸಿಕೊಂಡೆ. ನೀನು ಎರಡು ಸಲವೆಂದು ಬರೆದಿದ್ದೆ.

ಆಮೇಲೆ ಪ್ರಿಂಟ್ ಕೊಟ್ಟೆ. ಕಣ್ಣಿನ ಹತ್ತಿರ ಹಿಡಿದು, ಪಾತ್ರೆಯ ಬುಡದ ಮಸಿಯ ಮೇಲೆ ಬೆರಳಾಡಿಸಿ, "ಇದು ನಮ್ಮನೇದು" ಎಂದಳು. ಕ್ಯಾಲೆಂಡರಿನ ಮೇಲೆ ಅದನ್ನು ಅಂಟಿಸಿದ್ದೇವೆ.

ಈಗ ಸಂಘದ ವಿಷಯ. ಉಳಿದ ಪ್ರತಿಗಳಿಗೂ ಹೀಗೆಯೇ ಹೊರಳಿಸದ ಚಿತ್ರವನ್ನು ಅಚ್ಚು ಮಾಡಿಸಿ ಮೇಲೆ ಅಂಟಿಸಬೇಕೆಂದು ನೀಲಾಂಬಿಕೆಯವರಿಗೆ ಹೇಳಿದೆ; ಒಪ್ಪಿದ್ದಾರೆ. ನೆಗೆಟಿವನ್ನು ತಿರುಗಿಸಿದವರು ಚನ್ನರಾಯಪಟ್ಟಣದಲ್ಲಿ ಯಾರೂ ಇಲ್ಲವೆಂದೂ ಹೇಳಿದೆ. ನಿನ್ನ ಹೆಸರಿನ ಕೆಳಗೆ ಇನ್ನೊಂದು ಸಾಲು ಅಚ್ಚಾಗುತ್ತದೆ: 'ಮೊದಲ ಮುದ್ರಣದಲ್ಲಿ ಚಿತ್ರವನ್ನು ಎಡಬಲ ಹೊರಳಿಸಿದವರು: ಶ್ರೀಗೌರಿ ವರದರಾಜ, ಎಂ.ಎಸ್ಸಿ.' ಅವರು ದಿಗ್ಭ್ರಮೆಗೊಂಡು, "ಇದ್ನೆಲ್ಲಾ ಯಾಕಮ್ಮ ಹಾಕ್ಸೋದು, ಜನ ನಾಳೆ ಮರೀತಾರೆ. ನಿಮ್ ಕಾಲೇಜಲ್ಲಿ ನೋಡಿದ್ರೆ?" ಎಂದರು. ನೋಡಲಿ. ನಿನ್ನ ಹೆಸರಿಗಿಂತ ಅಕ್ಷರ ಚಿಕ್ಕದಾಗಕೂಡದೆಂದು ಬರೆದುಕೊಟ್ಟು ಬಂದೆ. ಉಪ್ಪಿನಕಾಯಿ ಬಾಟಲಿಗಳ ಕೆಲಸ ನಿನಗೇ ಬರುತ್ತದೆ.

ಇದನ್ನು ನೀನು ಔದಾರ್ಯವೆಂದು ತಿಳಿದು ಕನ್ನಡಿಯ ಹಿಂದೆ ಇಟ್ಟುಕೊಳ್ಳಬೇಡ. ಚಿತ್ರ ನಿನ್ನದು, ಒಪ್ಪಿದ್ದೇನೆ. ಆ ಮಧ್ಯಾಹ್ನದ ತುಪ್ಪವೂ ನಿನ್ನದೇ. ಇಡೀ ಕ್ಯಾಲೆಂಡರಿನಲ್ಲಿ ಪೂರ್ತಿಯಾಗಿ ನನ್ನದಾಗಿದ್ದದ್ದು ಆ ತಪ್ಪೊಂದೇ. ಅದನ್ನೂ ನಿನ್ನ ಹೆಸರಿಗೆ ಬರೆಸಿಕೊಳ್ಳಲು ಹೊರಟಿದ್ದೆಯಲ್ಲ, ಎಷ್ಟು ಧೈರ್ಯ ನಿನಗೆ! ಅದನ್ನು ಮಾತ್ರ ನಾನು ಬಿಟ್ಟುಕೊಡಲಾರೆ.

ಅಜ್ಜಿ ನಿನ್ನನ್ನು ಯುಗಾದಿಗೆ ಕರೆದಿದ್ದಾಳೆ. ನಾನೂ ಅಂದು ಇಲ್ಲಿರುತ್ತೇನೆ. ಬರುವಾಗ ಹುರಿಗಡಲೆ ಉಂಡೆ ತಾ, ಅಜ್ಜಿಗೆ ಬೇರೆ, ನನಗೆ ಬೇರೆ. ಅದಕ್ಕೂ ಮೊದಲು, ನಾನಿಲ್ಲದ ದಿನ ಮಾತ್ರ ಬರಬೇಡ. ನಾನಿಲ್ಲದಾಗ ನೀನು ಆ ಎಲೆಯ ಮುಂದೆ ಕೂರುವುದನ್ನು ನಾನು ಸಹಿಸಲಾರೆ.

ಗೌರಿ